ಕವಿ ಕೊಂಡಾಡಿದ ಪಬ್ ಉರುಳಿತು, ಊರವರು ಕೊಂಡ ಪಬ್ ಉಳಿಯಿತು

ಇಂಗ್ಲಿಷ್ ಸಾಹಿತ್ಯದಲ್ಲಿ ಟಬಾರ್ಡ್‌ನಷ್ಟು ಹೆಸರು ಮಾಡಿದ ಪಬ್ ಇನ್ನೊಂದಿಲ್ಲ ಎಂದರೆ ತಪ್ಪಾಗಲಾರದು. ಹದಿನಾಲ್ಕನೇ ಶತಮಾನದ ಕೊನೆಗೆ ಕವಿ ಜೆಫ್ರಿ ಚಾಸರ್ ಬರೆದ ‘ಕ್ಯಾಂಟರ್ಬರಿ ಟೇಲ್ಸ್’ನ ಯಾತ್ರಿಕರು ಒಟ್ಟುಗೂಡಿ ಹೊರಟದ್ದು ಲಂಡನ್ನಿನ ಸೌತ್‌ವಾರ್ಕ್ ಪೇಟೆಯ ಈ ವಸತಿಗೃಹದಿಂದಲೇ. ಜಗತ್ತಿನ ಯಾವ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದಿದವರಿಗೂ ಈ ಹೆಸರು ಗೊತ್ತು. ಆದರೆ ಈಗ ಅದನ್ನು ಹುಡುಕಿಕೊಂಡು ಹೋದವರಿಗೆ ಸಿಗುವುದು ಒಂದು ಇಕ್ಕಟ್ಟಾದ ಓಣಿ ಮತ್ತು ಗೋಡೆಗೆ ಹೊಡೆದ ಒಂದು ಫಲಕ ಮಾತ್ರ. ಕಟ್ಟಡವನ್ನು 1873ರಲ್ಲೇ ಕೆಡವಲಾಗಿದೆ.

ಅದೇ ಸೌತ್‌ವಾರ್ಕ್ ನಗರಾಡಳಿತದ ವ್ಯಾಪ್ತಿಯಲ್ಲಿ, ಕೆಲವು ಮೈಲು ದಕ್ಷಿಣಕ್ಕೆ ನನ್‌ಹೆಡ್ ಎಂಬ ಬಡಾವಣೆಯಿದೆ. ಅಲ್ಲಿನ ಐವಿ ಹೌಸ್ ಎಂಬ ಪಬ್ಬಿನ ಮೇಲೆ ಯಾವ ಮಹಾಕವಿಯೂ ಕಾವ್ಯ ಬರೆದಿಲ್ಲ. 2012ರಲ್ಲಿ ಅದಕ್ಕೆ ಬೀಗ ಬಿತ್ತು. ಮರುವರ್ಷ ಅಕ್ಕಪಕ್ಕದ ಮನೆಯವರೇ ಷೇರು ಹಾಕಿ ಅದನ್ನು ಕೊಂಡುಕೊಂಡರು. ಬಾಗಿಲು ಮತ್ತೆ ತೆರೆಯಿತು.

ಕವಿ ಕೊಂಡಾಡಿದ್ದು ಉರುಳಿ, ಯಾರೂ ಹಾಡದೇ ಇದ್ದದ್ದು ಉಳಿದದ್ದು ಹೇಗೆ? ಹಳೆಯ ಜಾಗಗಳನ್ನು ಉಳಿಸುವುದು ಯಾವುದು ಎಂಬ ಪ್ರಶ್ನೆಗೆ ಈ ಎರಡು ಪಬ್‌ಗಳ ಕಥೆಯಲ್ಲಿ ಸ್ಪಷ್ಟವಾದ ಉತ್ತರವಿದೆ. ಪೇಟೆ ಲಂಡನ್ನಿನದಾದರೂ ಪ್ರಶ್ನೆ ಲಂಡನ್ನಿನದು ಮಾತ್ರವಲ್ಲ.

ಕುಡಿತದ ಜಾಗ ಮುಚ್ಚಿದರೆ ನಷ್ಟವೇನು?

ಮೊದಲಿಗೆ ಏಳುವ ಆಕ್ಷೇಪ ಇದು. ಸಾರಾಯಿಯಿಂದ ಮನೆಗಳು ಹಾಳಾದದ್ದನ್ನು ಕಣ್ಣಾರೆ ಕಂಡವರಿಗೆ ಪಬ್ ಉಳಿಸುವ ಮಾತು ವಿಚಿತ್ರವಾಗಿ ಕೇಳಿಸುವುದು ಸಹಜ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ಹಳ್ಳಿಗಳ ಹೆಂಗಸರು ನಿಟ್ಟುಸಿರು ಬಿಟ್ಟಿದ್ದರು. ಕೇರಳದಲ್ಲಿ 2014ರಲ್ಲಿ ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದ ಬಾರುಗಳನ್ನು ಮುಚ್ಚುವ ನೀತಿ ಬಂದಾಗಲೂ ಅದನ್ನು ಸ್ವಾಗತಿಸಿದವರು ಕಡಿಮೆಯೇನಲ್ಲ. ಆ ನೀತಿ 2017ರಲ್ಲಿ ಬದಲಾಯಿತು ಎಂಬುದು ಬೇರೆ ಮಾತು.

ಆದರೆ ಇಂಗ್ಲೆಂಡಿನ ಪಬ್ ಎಂಬುದು ಗಡಂಗಿನಂತೆ ಕುಡಿದು ಎದ್ದುಹೋಗುವ ಜಾಗವಷ್ಟೇ ಆಗಿರಲಿಲ್ಲ. ಹೆಸರೇ ‘ಪಬ್ಲಿಕ್ ಹೌಸ್’, ಅಂದರೆ ಸಾರ್ವಜನಿಕರ ಮನೆ. ಹತ್ತೊಂಬತ್ತನೇ ಶತಮಾನದಲ್ಲಿ ಅನುಮಾನಾಸ್ಪದ ಸಾವುಗಳ ಅಧಿಕೃತ ವಿಚಾರಣೆ ನಡೆಯುತ್ತಿದ್ದದ್ದೂ ಬಹಳ ಕಡೆ ಪಬ್ಬಿನ ಕೋಣೆಯಲ್ಲಿ. ಕಾರ್ಮಿಕ ಸಂಘಗಳ ಸಭೆ, ಸಾವಿನ ನಂತರದ ಊಟ, ಭಾನುವಾರದ ಮನೆಮಂದಿಯ ಊಟ, ಫುಟ್‌ಬಾಲ್ ತಂಡದ ಲೆಕ್ಕಪತ್ರ, ಒಂಟಿ ಮುದುಕರ ಸಂಜೆಯ ಪತ್ರಿಕೆ ಓದು ಇವೆಲ್ಲ ಅಲ್ಲೇ. ಹಳ್ಳಿಗಳಲ್ಲಿ ಅಶ್ವತ್ಥಕಟ್ಟೆ, ಚಾವಡಿ ಮತ್ತು ಚಹಾದಂಗಡಿ ಸೇರಿ ಮಾಡುವ ಕೆಲಸವನ್ನು ಅಲ್ಲಿ ಪಬ್ ಒಂದೇ ಮಾಡುತ್ತಿತ್ತು.

ಇನ್ನೊಂದು ಸಂಗತಿಯೂ ಗಮನಾರ್ಹ. ಪಬ್ ಮುಚ್ಚಿದ್ದರಿಂದ ಕುಡಿತ ನಿಂತಿಲ್ಲ. ಸೂಪರ್ ಮಾರ್ಕೆಟಿನ ಅಗ್ಗದ ಡಬ್ಬಿ ಕೊಂಡು ಮನೆಯೊಳಗೆ ಕುಡಿಯುವುದು ಹೆಚ್ಚಿತು. 2010ರ ದಶಕದ ನಡುವಿನ ಹೊತ್ತಿಗೆ ಬ್ರಿಟನ್ನಿನಲ್ಲಿ ಪಬ್, ಹೋಟೆಲುಗಳಲ್ಲಿ ಮಾರಾಟವಾಗುವುದಕ್ಕಿಂತ ಅಂಗಡಿಗಳಲ್ಲಿ ಮಾರಾಟವಾಗುವ ಬಿಯರ್ ಹೆಚ್ಚಾಯಿತು. ಅಂದರೆ ಹೋದದ್ದು ಕುಡಿತವಲ್ಲ, ನಾಲ್ಕು ಜನ ಕೂಡುವ ಜಾಗ.

ಸೇತುವೆಯ ಬುಡದ ಪೇಟೆ

ಸೌತ್‌ವಾರ್ಕ್ ಬೆಳೆದದ್ದೇ ಗಡಿಯ ಕಾರಣದಿಂದ. ಥೇಮ್ಸ್ ನದಿಯ ಉತ್ತರ ದಡದಲ್ಲಿ ಕೋಟೆಯೊಳಗಿನ ಲಂಡನ್ ಪಟ್ಟಣ. ದಕ್ಷಿಣ ದಡದಲ್ಲಿ ಸೌತ್‌ವಾರ್ಕ್. ನಡುವೆ ಲಂಡನ್ ಸೇತುವೆ. 1750ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ಆಗುವ ತನಕ ನಗರದ ನಡುಭಾಗದಲ್ಲಿ ನದಿ ದಾಟಲು ಇದ್ದದ್ದು ಈ ಒಂದೇ ಸೇತುವೆ. ಅದರ ಬಾಗಿಲು ರಾತ್ರಿ ಮುಚ್ಚುತ್ತಿತ್ತು. ಕತ್ತಲಾದ ಮೇಲೆ ಬಂದ ವರ್ತಕರು, ಗಾಡಿಯವರು, ಯಾತ್ರಿಕರು ಈಚೆ ದಡದಲ್ಲೇ ತಂಗಬೇಕು. ಕ್ಯಾಂಟರ್ಬರಿಯ ಪುಣ್ಯಕ್ಷೇತ್ರಕ್ಕೆ ಹೊರಡುವವರೂ ಡೋವರ್ ಬಂದರಿಗೆ ಹೊರಡುವವರೂ ಇಲ್ಲಿಂದಲೇ ದಾರಿ ಹಿಡಿಯಬೇಕು.

ಅದರ ಮೇಲೆ, ದಕ್ಷಿಣ ದಡದ ಕೆಲವು ಭಾಗಗಳಲ್ಲಿ ಲಂಡನ್ ಪಟ್ಟಣದ ಅಧಿಕಾರಿಗಳ ಮಾತು ನಡೆಯುತ್ತಿರಲಿಲ್ಲ. ವಿಂಚೆಸ್ಟರ್ ಬಿಷಪರ ಆಡಳಿತಕ್ಕೆ ಸೇರಿದ ಕ್ಲಿಂಕ್ ಎಂಬ ಪ್ರದೇಶ ಅಂಥದ್ದು. ಪಟ್ಟಣದೊಳಗೆ ಬೇಡವೆನಿಸಿದ ನಾಟಕಶಾಲೆ, ಕರಡಿ ಕಾಳಗ, ವೇಶ್ಯಾಗೃಹ ಎಲ್ಲವೂ ನದಿ ದಾಟಿ ಈಚೆ ಬಂದವು. ಷೇಕ್ಸ್‌ಪಿಯರನ ಗ್ಲೋಬ್ ನಾಟಕಶಾಲೆ ಈ ದಡದಲ್ಲಿ ಎದ್ದದ್ದೂ ಅದಕ್ಕೇ. ಒಂದು ರಾಜ್ಯದಲ್ಲಿ ಬಿಗಿಯಾದರೆ ಗಡಿಯಾಚೆ ಅಂಗಡಿ ಬಾಗಿಲು ತೆರೆಯುತ್ತದೆ ಎಂಬುದನ್ನು ತಲಪಾಡಿಯ ಅಥವಾ ಹೊಸೂರಿನ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೀಗಾಗಿ ಬರೋ ಹೈಸ್ಟ್ರೀಟ್ ಎಂಬ ಮುಖ್ಯರಸ್ತೆಯ ಪೂರ್ವ ಮಗ್ಗುಲಲ್ಲಿ ಸಾಲಾಗಿ ವಸತಿಗೃಹಗಳು ಬೆಳೆದವು: ಟಬಾರ್ಡ್, ಜಾರ್ಜ್, ವೈಟ್ ಹಾರ್ಟ್, ಕ್ವೀನ್ಸ್ ಹೆಡ್. ಎಲ್ಲದರ ರಚನೆಯೂ ಹೆಚ್ಚುಕಡಿಮೆ ಒಂದೇ. ರಸ್ತೆಯಿಂದ ಒಳಹೋಗಲು ಕಿರಿದಾದ ದಾರಿ, ಒಳಗೆ ಗಾಡಿ ತಿರುಗುವಷ್ಟು ದೊಡ್ಡ ಅಂಗಳ, ಸುತ್ತಲೂ ಮರದ ಪಡಸಾಲೆಗಳು, ಕೆಳಗೆ ಕುದುರೆ ಲಾಯ. ಅಂಗಳದಲ್ಲಿ ನಾಟಕವಾದರೆ ಪಡಸಾಲೆಯಲ್ಲಿ ನಿಂತವರೇ ಪ್ರೇಕ್ಷಕರು.

ಒಂದೊಂದಕ್ಕೂ ಒಂದೊಂದು ಇತಿಹಾಸ. 1450ರಲ್ಲಿ ಅರಸನ ವಿರುದ್ಧ ದಂಗೆಯೆದ್ದ ಜ್ಯಾಕ್ ಕೇಡ್ ಬೀಡುಬಿಟ್ಟದ್ದು ವೈಟ್ ಹಾರ್ಟ್‌ನಲ್ಲಿ. ಚಾರ್ಲ್ಸ್ ಡಿಕನ್ಸ್ ತನ್ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಸ್ಯಾಮ್ ವೆಲ್ಲರ್ ಎಂಬ ಪ್ರಸಿದ್ಧ ಪಾತ್ರವನ್ನು ಓದುಗರಿಗೆ ಮೊದಲು ತೋರಿಸಿದ್ದೂ ಅದೇ ಅಂಗಳದಲ್ಲಿ. ಕ್ವೀನ್ಸ್ ಹೆಡ್ ಇದ್ದದ್ದು ಜಾನ್ ಹಾರ್ವರ್ಡ್ ಎಂಬಾತನ ಕುಟುಂಬದ ಕೈಯಲ್ಲಿ. 1607ರಲ್ಲಿ ಸೌತ್‌ವಾರ್ಕ್‌ನಲ್ಲಿ ಹುಟ್ಟಿ, 1637ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷವೇ ತೀರಿಕೊಂಡ ಆತ ತನ್ನ ಆಸ್ತಿಯಲ್ಲಿ ಅರ್ಧವನ್ನೂ ಪುಸ್ತಕಗಳನ್ನೂ ಅಲ್ಲಿನ ಕಾಲೇಜಿಗೆ ಬಿಟ್ಟ. ಇಂದಿನ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಆತನ ಹೆಸರು ಬಂದದ್ದು ಹೀಗೆ.

ಪೇಟೆಯಲ್ಲಿ ಬಿಯರಿನ ವ್ಯಾಪಾರವೂ ದೊಡ್ಡದೇ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಪಕ್ಕದ ಕೆಂಟ್ ಸೀಮೆಯ ತೋಟಗಳಿಂದ ಇಲ್ಲಿಗೇ ಬರುತ್ತಿತ್ತು. ಅದರ ವ್ಯಾಪಾರಕ್ಕೆಂದೇ 1867ರಲ್ಲಿ ಕಟ್ಟಿದ ಹಾಪ್ ಎಕ್ಸ್‌ಚೇಂಜ್ ಕಟ್ಟಡ ಸೌತ್‌ವಾರ್ಕ್ ಸ್ಟ್ರೀಟಿನಲ್ಲಿದೆ. ಪ್ರತಿ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಡ ಕುಟುಂಬಗಳು ಮಕ್ಕಳುಮರಿ ಸಮೇತ ಹಾಪ್ಸ್ ಕೊಯ್ಲಿಗೆ ಕೆಂಟ್‌ಗೆ ಹೋಗುತ್ತಿದ್ದವು. ಕಾಫಿ ಕೊಯ್ಲಿನ ಕಾಲಕ್ಕೆ ಬಯಲುಸೀಮೆಯ ಜನ ಘಟ್ಟ ಹತ್ತುವಂತೆಯೇ. ಬರೋ ಮಾರ್ಕೆಟಿನ ಎದುರು ಇರುವ ಮಾರ್ಕೆಟ್ ಪೋರ್ಟರ್ ಎಂಬ ಪಬ್, ರಾತ್ರಿಯಿಡೀ ತರಕಾರಿ ಮೂಟೆ ಹೊತ್ತವರಿಗಾಗಿ ಬೆಳಗಿನ ಜಾವವೇ ಬಾಗಿಲು ತೆರೆಯುವುದಕ್ಕೆ ಹೆಸರಾಗಿತ್ತು. ಹೆಸರಿನಲ್ಲೇ ‘ಹಮಾಲಿ’ ಇದ್ದಾನೆ.

ರೈಲು ಬಂತು, ಲಾಯ ಖಾಲಿಯಾಯಿತು

1676ರಲ್ಲಿ ಸೌತ್‌ವಾರ್ಕ್‌ಗೆ ಬೆಂಕಿ ಬಿತ್ತು. ಐನೂರಕ್ಕೂ ಹೆಚ್ಚು ಮನೆಗಳು ಸುಟ್ಟವು. ಟಬಾರ್ಡ್, ಜಾರ್ಜ್ ಎರಡೂ ಬೂದಿಯಾದವು. ಆದರೆ ಎರಡೂ ಮತ್ತೆ ಎದ್ದವು. ವ್ಯಾಪಾರ ನಡೆಯುತ್ತಿತ್ತು, ಗಾಡಿಗಳು ಬರುತ್ತಿದ್ದವು. ಕಟ್ಟಲು ಹಣವಿತ್ತು, ಕಟ್ಟುವುದಕ್ಕೆ ಕಾರಣವೂ ಇತ್ತು.

ಬೆಂಕಿ ಮಾಡದ್ದನ್ನು ಹಳಿಗಳು ಮಾಡಿದವು. 1836ರಲ್ಲಿ ಲಂಡನ್ ಬ್ರಿಜ್ ರೈಲು ನಿಲ್ದಾಣ ಈ ಪೇಟೆಯ ಪಕ್ಕದಲ್ಲೇ ತೆರೆಯಿತು. ಕುದುರೆ ಗಾಡಿಗಳ ಕಾಲ ಮುಗಿಯಿತು. ಲಾಯಗಳು ಖಾಲಿಯಾದವು, ಕೋಣೆಗಳಿಗೆ ತಂಗುವವರಿಲ್ಲದಾಯಿತು. ಬೆಂಕಿಯ ನಂತರ ಟಾಲ್ಬಟ್ ಎಂಬ ಹೆಸರಿನಲ್ಲಿ ಎದ್ದಿದ್ದ ಟಬಾರ್ಡ್ 1873ರಲ್ಲಿ ನೆಲಸಮವಾಯಿತು. ವೈಟ್ ಹಾರ್ಟ್ 1889ರಲ್ಲಿ ಹೋಯಿತು. ಆಗಿನ ಪತ್ರಿಕೆಗಳಿಗೆ, ಓದಿದವರಿಗೆ ಚಾಸರ್, ಡಿಕನ್ಸ್ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದರೂ ತಡೆಯುವ ಕಾನೂನಿರಲಿಲ್ಲ. ಮಾಲೀಕರಿಗೆ ಉಳಿಸಿಕೊಳ್ಳುವ ಲಾಭವೂ ಇರಲಿಲ್ಲ.

ಜಾರ್ಜ್ ಕೂಡ ಅದೇ ದಾರಿ ಹಿಡಿದಿತ್ತು. ಗ್ರೇಟ್ ನಾರ್ದರ್ನ್ ರೈಲ್ವೆ ಕಂಪನಿ ಅದನ್ನು ಕೊಂಡು ಸರಕು ಇಡುವುದಕ್ಕೆ ಬಳಸಿತು. 1889ರಲ್ಲಿ ಎರಡು ಬದಿಯ ಕಟ್ಟಡಗಳನ್ನು ಕೆಡವಿ ದಕ್ಷಿಣದ ಒಂದು ಪಡಸಾಲೆಯನ್ನು ಮಾತ್ರ ಬಿಟ್ಟಿತು. ಆ ಒಂದು ಬದಿ ಇಂದಿಗೂ ಉಳಿದಿದೆ. 1937ರಲ್ಲಿ ರೈಲ್ವೆ ಕಂಪನಿಯು ಅದನ್ನು ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಗೆ ದಾನ ಕೊಟ್ಟದ್ದೇ ಇದಕ್ಕೆ ಕಾರಣ. ಮರದ ಪಡಸಾಲೆಯ ಹಳೆಯ ಗಾಡಿ-ವಸತಿಗೃಹಗಳಲ್ಲಿ ಲಂಡನ್ನಿನಲ್ಲಿ ಈಗ ಉಳಿದಿರುವುದು ಇದೊಂದೇ. ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ದರ್ಜೆಯ ಸ್ಥಾನವಿದೆ. ಅಂದರೆ ಜಾರ್ಜ್ ಉಳಿದದ್ದು ಹಳೆಯದೆಂಬ ಕಾರಣಕ್ಕಲ್ಲ. ಲಾಭಕ್ಕಾಗಿ ಮಾರದ ಒಡೆಯನ ಕೈಗೆ ಸೇರಿದ್ದರಿಂದ.

ಬಿಯರಿಗಿಂತ ನೆಲ ತುಟ್ಟಿ

ಇಪ್ಪತ್ತನೇ ಶತಮಾನದ ಕೊನೆಗೆ ಹೊಸ ಸಂಕಟ ಬಂತು. ಬ್ರಿಟನ್ನಿನಲ್ಲಿ ಬಹಳಷ್ಟು ಪಬ್‌ಗಳ ಕಟ್ಟಡ ಬಿಯರ್ ತಯಾರಿಸುವ ಕಂಪನಿಗಳದ್ದಾಗಿತ್ತು. ನಡೆಸುವವನು ಬಾಡಿಗೆದಾರ, ಆ ಕಂಪನಿಯ ಬಿಯರನ್ನೇ ಮಾರಬೇಕೆಂಬ ಷರತ್ತು. ಇದರಿಂದ ಸ್ಪರ್ಧೆ ಇಲ್ಲವಾಗುತ್ತಿದೆ ಎಂದು 1989ರಲ್ಲಿ ಸರ್ಕಾರ ನಿಯಮ ತಂದಿತು. ಎರಡು ಸಾವಿರಕ್ಕಿಂತ ಹೆಚ್ಚು ಪಬ್ ಇಟ್ಟುಕೊಂಡ ಕಂಪನಿಗಳು ಹೆಚ್ಚುವರಿ ಪಬ್‌ಗಳಲ್ಲಿ ಅರ್ಧವನ್ನು ಈ ಷರತ್ತಿನಿಂದ ಬಿಡುಗಡೆ ಮಾಡಬೇಕಾಯಿತು.

ಉದ್ದೇಶ ಒಳ್ಳೆಯದೇ. ಆದರೆ ಬಿಯರ್ ಕಂಪನಿಗಳು ಬಿಟ್ಟುಕೊಟ್ಟ ಸಾವಿರಾರು ಪಬ್‌ಗಳು ನಡೆಸುವವರ ಕೈಗೆ ಬರಲಿಲ್ಲ. ಪಬ್‌ಗಳನ್ನು ಕೊಂಡು ಬಾಡಿಗೆಗೆ ಕೊಡುವುದನ್ನೇ ಕಸುಬು ಮಾಡಿಕೊಂಡ ದೊಡ್ಡ ಕಂಪನಿಗಳು ಹುಟ್ಟಿದವು. ಸಾಲ ಮಾಡಿ ಕೊಂಡ ಆ ಕಂಪನಿಗಳಿಗೆ ಪಬ್ ಎಂದರೆ ಮೊದಲಿಗೆ ಒಂದು ನಿವೇಶನ. ಲಂಡನ್ನಿನಂತಹ ನಗರದಲ್ಲಿ ಮೂಲೆಯ ಕಟ್ಟಡದಲ್ಲಿ ದಿನವಿಡೀ ಬಿಯರ್ ಮಾರುವುದಕ್ಕಿಂತ ಅದನ್ನು ಫ್ಲ್ಯಾಟ್ ಮಾಡಿ ಒಮ್ಮೆಗೇ ಮಾರುವುದರಲ್ಲಿ ಹೆಚ್ಚು ಹಣವಿತ್ತು. ಗಿರಾಕಿಗಳು ತುಂಬಿದ್ದ ಪಬ್‌ಗಳೂ ಹೀಗೆ ಮುಚ್ಚಿದವು. ವ್ಯಾಪಾರ ಸೋತದ್ದಲ್ಲ, ನೆಲದ ಬೆಲೆ ಗೆದ್ದದ್ದು.

ಅಲ್ಲಿನ ಪಬ್ ಉದ್ಯಮ ಸಂಘದ ಲೆಕ್ಕದಂತೆ 2000ದಲ್ಲಿ ಬ್ರಿಟನ್ನಿನಲ್ಲಿ ಸುಮಾರು 60 ಸಾವಿರ ಪಬ್‌ಗಳಿದ್ದವು. 2024ರ ಹೊತ್ತಿಗೆ ಅದು 45 ಸಾವಿರದ ಆಸುಪಾಸಿಗೆ ಇಳಿದಿತ್ತು. ನಾಲ್ಕರಲ್ಲಿ ಒಂದು ಹೋದಂತಾಯಿತು.

ನೆರೆಹೊರೆಯವರೇ ಒಡೆಯರಾದ ಕಥೆ

ಐವಿ ಹೌಸ್‌ಗೂ ಇದೇ ಗತಿ ಕಾದಿತ್ತು. 1930ರ ದಶಕದಲ್ಲಿ ಕಟ್ಟಿದ ಪಬ್ ಅದು. 1970ರ ದಶಕದಲ್ಲಿ ಅಲ್ಲಿನ ಹಿಂಭಾಗದ ಸಭಾಂಗಣದಲ್ಲಿ ಮುಂದೆ ಹೆಸರು ಮಾಡಿದ ಹಲವು ಸಂಗೀತಗಾರರು ಹಾಡಿದ್ದರು. 2012ರಲ್ಲಿ ನಡೆಸುವವರಿಗೆ ಕೆಲವೇ ದಿನಗಳ ನೋಟಿಸು ಕೊಟ್ಟು ಬೀಗ ಹಾಕಲಾಯಿತು.

ಆಗ ಊರವರು ಮಾಡಿದ್ದು ಧರಣಿಯಲ್ಲ, ಅರ್ಜಿ. ಮೊದಲು ಪರಂಪರೆ ಇಲಾಖೆಗೆ ಬರೆದು ಕಟ್ಟಡವನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿದರು. ಇದರಿಂದ ಕೆಡವುವ ದಾರಿ ಮುಚ್ಚಿತು. ನಂತರ 2011ರ ಸ್ಥಳೀಯಾಡಳಿತ ಕಾಯ್ದೆಯ ಒಂದು ಕಲಮನ್ನು ಹಿಡಿದರು. ಆ ಕಾಯ್ದೆಯ ಪ್ರಕಾರ ಒಂದು ಊರಿನ ಜನರು ತಮ್ಮ ಬಳಕೆಯ ಕಟ್ಟಡವನ್ನು ‘ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ’ ಎಂದು ನಗರಾಡಳಿತದಲ್ಲಿ ದಾಖಲು ಮಾಡಿಸಬಹುದು. ಹಾಗೆ ದಾಖಲಾದ ಆಸ್ತಿಯನ್ನು ಮಾಲೀಕ ಮಾರಲು ಹೊರಟರೆ, ಊರವರು ಕೊಳ್ಳುವ ಇಚ್ಛೆ ತೋರಿಸಿದಲ್ಲಿ ಆರು ತಿಂಗಳು ಬೇರೆಯವರಿಗೆ ಮಾರುವಂತಿಲ್ಲ. ಹಣ ಹೊಂದಿಸಿಕೊಳ್ಳಲು ಊರಿಗೆ ಸಿಗುವ ಕಾಲಾವಕಾಶ ಅದು. 2012ರ ಅಕ್ಟೋಬರಿನಲ್ಲಿ ಈ ಕಾಯ್ದೆಯಡಿ ಬ್ರಿಟನ್ನಿನಲ್ಲಿ ದಾಖಲಾದ ಮೊದಲ ಪಬ್ ಐವಿ ಹೌಸ್.

2013ರ ಮಾರ್ಚಿನಲ್ಲಿ 8 ಲಕ್ಷ 10 ಸಾವಿರ ಪೌಂಡ್‌ಗೆ ಅದನ್ನು ಊರವರ ಸಂಘ ಕೊಂಡಿತು. ಪಾರಂಪರಿಕ ಕಟ್ಟಡಗಳಿಗೆ ಸಾಲ ಕೊಡುವ ನಿಧಿಯಿಂದ ದೊಡ್ಡ ಮೊತ್ತ ಬಂತು. ಉಳಿದದ್ದಕ್ಕೆ ಷೇರು ಹಂಚಿದರು. 371 ಮಂದಿ ಷೇರುದಾರರಾದರು. ಆಗಸ್ಟಿನಲ್ಲಿ ಪಬ್ ತೆರೆಯಿತು.

ಸೌತ್‌ವಾರ್ಕ್ ನಗರಾಡಳಿತವೂ ಪಾಠ ಕಲಿಯಿತು. 2017ರಲ್ಲಿ ತನ್ನ ವ್ಯಾಪ್ತಿಯ 180ಕ್ಕೂ ಹೆಚ್ಚು ಪಬ್‌ಗಳನ್ನು ಅನುಮತಿಯಿಲ್ಲದೆ ಬೇರೆ ಬಳಕೆಗೆ ತಿರುಗಿಸದಂತೆ ಆದೇಶ ಹೊರಡಿಸಿತು. ಅದೇ ವರ್ಷದ ಮೇ ತಿಂಗಳಿನಿಂದ ಇಡೀ ಇಂಗ್ಲೆಂಡಿಗೇ ಅಂಥ ನಿಯಮ ಬಂತು. ಅಲ್ಲಿಯವರೆಗೆ ಪಬ್ಬನ್ನು ಅಂಗಡಿ ಮಾಡಲು ಅನೇಕ ಸಂದರ್ಭಗಳಲ್ಲಿ ನಗರಾಡಳಿತದ ಒಪ್ಪಿಗೆಯೇ ಬೇಕಿರಲಿಲ್ಲ.

ಇಟ್ಟಿಗೆಗೆ ಇಟ್ಟಿಗೆ ಲೆಕ್ಕ

ದಾಖಲೆಯ ಬೆಲೆ ಏನೆಂಬುದಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿ ನಗರದ ಇನ್ನೊಂದು ತುದಿಯಲ್ಲಿ, ವಾಯವ್ಯದ ಕಿಲ್‌ಬರ್ನ್ ಬಳಿ ಇದೆ. ಅಲ್ಲಿನ ಕಾರ್ಲ್ಟನ್ ಟ್ಯಾವರ್ನ್ ಪಬ್ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಬಾಂಬಿಗೆ ತುತ್ತಾಗಿ, 1920-21ರಲ್ಲಿ ಹೊಸದಾಗಿ ಎದ್ದದ್ದು. 2015ರ ಆರಂಭದಲ್ಲಿ ಅದನ್ನು ಫ್ಲ್ಯಾಟ್ ಮಾಡಲು ಕೇಳಿದ ಅನುಮತಿಯನ್ನು ವೆಸ್ಟ್‌ಮಿನ್‌ಸ್ಟರ್ ನಗರಾಡಳಿತ ನಿರಾಕರಿಸಿತು. ಪರಂಪರೆ ಇಲಾಖೆ ಸಂರಕ್ಷಿತ ಪಟ್ಟಿಗೆ ಸೇರಿಸಲು ಸಿದ್ಧತೆ ನಡೆಸಿತ್ತು. ಏಪ್ರಿಲ್ 8ರಂದು, ಪಟ್ಟಿಗೆ ಸೇರಲು ಇನ್ನೇನು ಕೆಲವು ದಿನಗಳಿವೆ ಎನ್ನುವಾಗ, ಬುಲ್ಡೋಜರ್ ಬಂದು ಪಬ್ಬನ್ನು ಕೆಡವಿತು. ಅನುಮತಿ ಇರಲಿಲ್ಲ.

ಸಾಮಾನ್ಯವಾಗಿ ಇಂಥ ಕಡೆ ದಂಡ ಹಾಕುತ್ತಾರೆ, ಮಾಲೀಕ ಕಟ್ಟುತ್ತಾನೆ, ಫ್ಲ್ಯಾಟ್ ಏಳುತ್ತದೆ. ದಂಡವೂ ಖರ್ಚಿನ ಒಂದು ಬಾಬ್ತಾಗುತ್ತದೆ ಅಷ್ಟೇ. ಇಲ್ಲಿ ಹಾಗಾಗಲಿಲ್ಲ. ಏನೋ ನಡೆಯಲಿದೆ ಎಂಬ ಅನುಮಾನ ಊರವರಿಗೆ ಮೊದಲೇ ಬಂದಿತ್ತು. ಅವರ ಒತ್ತಾಯದಿಂದ ಪರಂಪರೆ ಇಲಾಖೆಯವರು ಕಟ್ಟಡದ ಫೋಟೊ, ವಿವರ, ಟೈಲ್ಸ್‌ಗಳ ಅಚ್ಚು ತೆಗೆದಿಟ್ಟುಕೊಂಡಿದ್ದರು. ಮೊದಲಿದ್ದಂತೆಯೇ ಮತ್ತೆ ಕಟ್ಟಿಕೊಡಿ ಎಂದು ನಗರಾಡಳಿತ ಆದೇಶಿಸಿತು. ಮಾಲೀಕರು ಮೇಲ್ಮನವಿ ಹೋದರು. 2016ರಲ್ಲಿ ವಿಚಾರಣೆಯ ಬಳಿಕ ಮೇಲ್ಮನವಿ ಬಿದ್ದುಹೋಯಿತು. ‘ಹಿಂದೆ ಹೇಗಿತ್ತೋ ಗೊತ್ತಿಲ್ಲ’ ಎಂದು ಹೇಳುವ ದಾರಿ ಮಾಲೀಕರಿಗೆ ಉಳಿದಿರಲಿಲ್ಲ. ಹಳೆಯ ಇಟ್ಟಿಗೆಗಳನ್ನೂ ಆರಿಸಿ ಬಳಸಿ ಕಟ್ಟಿದ ಪಬ್ 2021ರ ಏಪ್ರಿಲ್‌ನಲ್ಲಿ, ಕೋವಿಡ್ ನಿರ್ಬಂಧ ಸಡಿಲವಾದಾಗ, ಬಾಗಿಲು ತೆರೆಯಿತು.

ಈ ತೀರ್ಪು ಮುಂದಿನವರಿಗೆ ಮಾದರಿಯಾಯಿತು. ಮಧ್ಯ ಇಂಗ್ಲೆಂಡಿನ ಹಿಮ್ಲಿ ಎಂಬಲ್ಲಿ, ಕೆಳಗಿನ ಕಲ್ಲಿದ್ದಲು ಗಣಿಯಿಂದ ನೆಲ ಕುಸಿದು ವಾಲಿಕೊಂಡೇ ನಿಂತಿದ್ದ ‘ಕ್ರುಕೆಡ್ ಹೌಸ್’ ಎಂಬ ಪ್ರಸಿದ್ಧ ಪಬ್ 2023ರ ಆಗಸ್ಟ್ 5ರಂದು ಬೆಂಕಿಗೆ ಸಿಕ್ಕಿತು. ಎರಡೇ ದಿನದಲ್ಲಿ ಅದನ್ನು ನೆಲಸಮ ಮಾಡಲಾಯಿತು. ಅದನ್ನೂ ಮೊದಲಿನಂತೆಯೇ ಕಟ್ಟಬೇಕೆಂದು ಅಲ್ಲಿನ ಸ್ಥಳೀಯಾಡಳಿತ 2024ರ ಫೆಬ್ರವರಿಯಲ್ಲಿ ನೋಟಿಸು ಕೊಟ್ಟಿತು.

ಕಾನೂನು ಮಾಡಲಾರದ ಕೆಲಸ

ಹಾಗೆಂದು ಕಾನೂನು ಬಂದ ಮೇಲೆ ಎಲ್ಲವೂ ಸರಿಹೋಯಿತು ಎಂದು ತಿಳಿಯಬೇಕಾಗಿಲ್ಲ. ಆರು ತಿಂಗಳ ಗಡುವು ಕೊಡುವ ಕಾಯ್ದೆ ಊರವರಿಗೇ ಮಾರಬೇಕೆಂದು ಮಾಲೀಕನನ್ನು ಕಟ್ಟಿಹಾಕುವುದಿಲ್ಲ. ಗಡುವು ಮುಗಿದ ಮೇಲೆ ಆತ ಯಾರಿಗೂ ಮಾರಬಹುದು. ಈ ಕೊರತೆ ನೀಗಿಸಿ, ಮೊದಲು ಕೊಳ್ಳುವ ಹಕ್ಕನ್ನು ಊರವರಿಗೇ ಕೊಡುವ ಪ್ರಸ್ತಾಪವಿರುವ ಮಸೂದೆಯನ್ನು ಸರ್ಕಾರ 2025ರ ಜುಲೈನಲ್ಲಿ ಸಂಸತ್ತಿನ ಮುಂದಿಟ್ಟಿತು.

ಇನ್ನೊಂದು, ಕಟ್ಟಡ ಉಳಿದರೂ ವ್ಯಾಪಾರ ನಡೆಯಬೇಕಲ್ಲ. 2025ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಪಬ್‌ಗಳ ಕಟ್ಟಡ ತೆರಿಗೆಯ ರಿಯಾಯಿತಿ ಶೇ.75ರಿಂದ ಶೇ.40ಕ್ಕೆ ಇಳಿಯಿತು. ಅದೇ ತಿಂಗಳು ನೌಕರರ ವಿಮೆಗೆ ಮಾಲೀಕರು ಕಟ್ಟುವ ಪಾಲು ಶೇ.13.8ರಿಂದ ಶೇ.15ಕ್ಕೆ ಏರಿತು. ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡದಲ್ಲೂ ದೀಪ ಆರಬಹುದು.

ಜನರೇ ಒಡೆಯರಾದ ಕೂಡಲೇ ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ ಎಂದೂ ಅಲ್ಲ. ಐವಿ ಹೌಸ್‌ನಲ್ಲಿಯೇ 2018ರಲ್ಲಿ ಕೆಲಸದಿಂದ ತೆಗೆದವರ ಪರವಾಗಿ ಸಿಬ್ಬಂದಿ ಮುಷ್ಕರ ಹೂಡಿದ್ದರು. ತೆಗೆದವರನ್ನು ಮತ್ತೆ ಕೆಲಸಕ್ಕೆ ಕರೆಯಬೇಕಾಯಿತು. ಊರಿನ ಸಂಘವೂ ಸಂಬಳ ಕೊಡುವ ಧಣಿಯೇ. ಆದರೂ ವ್ಯತ್ಯಾಸವೊಂದಿದೆ. ಅಲ್ಲಿ ಜಗಳವಾದದ್ದು ಪಬ್ ಹೇಗೆ ನಡೆಯಬೇಕು ಎಂಬ ಬಗ್ಗೆ, ಪಬ್ ಇರಬೇಕೇ ಬೇಡವೇ ಎಂಬ ಬಗ್ಗೆ ಅಲ್ಲ.

ಕಾಫಿ ಹೌಸಿನ ಪಾಠ

ಬಳಸುವವರೇ, ದುಡಿಯುವವರೇ ಒಂದು ಜಾಗದ ಒಡೆಯರಾಗುವ ಈ ದಾರಿ ಇಂಗ್ಲೆಂಡಿನಿಂದ ಕಲಿಯಬೇಕಾದ್ದೇನಲ್ಲ. ಕಾಸರಗೋಡಿನವರಿಗೆ ಅದರ ನೆನಪು ಹತ್ತಿರದ್ದೇ. 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸಲು ಹೊರಟಾಗ, ನೌಕರರೇ ಸಹಕಾರ ಸಂಘ ಕಟ್ಟಿ ಅವುಗಳನ್ನು ವಹಿಸಿಕೊಳ್ಳಲಿ ಎಂದು ಮುಂದೆ ನಿಂತವರು ಎ.ಕೆ. ಗೋಪಾಲನ್. ಅದೇ ವರ್ಷ ಕಾಸರಗೋಡಿನಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಎಕೆಜಿ ಮುಂದಿನ ಎರಡು ಚುನಾವಣೆಗಳಲ್ಲೂ ಅಲ್ಲಿಂದಲೇ ಗೆದ್ದರು. ಕಾಫಿ ನೌಕರರ ಇಂಥ ಮೊದಲ ಸಂಘ 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಕೇರಳದಲ್ಲಿ ತ್ರಿಶೂರಿನ ಕಾಫಿ ಹೌಸ್ 1958ರಲ್ಲಿ ತೆರೆಯಿತು. ಕಡಿಮೆ ಬೆಲೆಯ ಒಂದು ಲೋಟ ಕಾಫಿಗೆ ಗಂಟೆಗಟ್ಟಲೆ ಕುಳಿತು ರಾಜಕೀಯ, ಸಾಹಿತ್ಯ ಮಾತಾಡುವ ಜಾಗ ಹೀಗೆ ಉಳಿಯಿತು.

ಆದರೆ ಬೆಂಗಳೂರಿನ ಎಂ.ಜಿ. ರಸ್ತೆಯ ಪ್ರಸಿದ್ಧ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ನೌಕರರು ವ್ಯಾಪಾರದ ಒಡೆಯರಾಗಿದ್ದರು, ಕಟ್ಟಡದ ಒಡೆಯರಾಗಿರಲಿಲ್ಲ. ಐವಿ ಹೌಸ್ ಉಳಿದು ಎಂ.ಜಿ. ರಸ್ತೆಯ ಕಾಫಿ ಹೌಸ್ ಜಾಗ ಕಳೆದುಕೊಂಡದ್ದರ ನಡುವಿನ ವ್ಯತ್ಯಾಸ ಇದೊಂದೇ ವಾಕ್ಯದಲ್ಲಿದೆ.

ಕಾನೂನಿನ ನೋಟದಲ್ಲೂ ವ್ಯತ್ಯಾಸವಿದೆ. ಹೆದ್ದಾರಿ ಬದಿಯ ಮದ್ಯದಂಗಡಿಗಳ ಬಗ್ಗೆ ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಕೊಟ್ಟ ಆದೇಶದಿಂದಾಗಿ 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಸುತ್ತಿನ ಅನೇಕ ಪಬ್‌ಗಳು ಬಾಗಿಲು ಹಾಕಬೇಕಾಯಿತು. ರಸ್ತೆಯಿಂದ ಎಷ್ಟು ಮೀಟರ್ ದೂರ ಎಂಬುದಷ್ಟೇ ಅಲ್ಲಿ ಪ್ರಶ್ನೆ. ಅಪಘಾತ ತಡೆಯುವ ಆದೇಶಕ್ಕೆ ಅದು ಸಾಕಿರಬಹುದು. ಆದರೆ ಊರಿನ ಬದುಕಿನಲ್ಲಿ ಒಂದು ಜಾಗಕ್ಕಿರುವ ಬೆಲೆಯನ್ನು ಬರೆದುಕೊಳ್ಳುವ ಇಂಗ್ಲೆಂಡಿನಂಥ ಪುಸ್ತಕ ಇಲ್ಲಿನ ಪಂಚಾಯಿತಿಗಳಲ್ಲಿಲ್ಲ. ಚಾವಡಿಯಾಗಲಿ, ಗ್ರಂಥಾಲಯವಾಗಲಿ, ನಾಟಕದ ಬಯಲಾಗಲಿ, ಹಳೆಯ ಹೋಟೆಲಾಗಲಿ, ಸರ್ವೆ ನಂಬರು ಮತ್ತು ಮಾಲೀಕನ ಹೆಸರನ್ನು ಬಿಟ್ಟರೆ ಅದರ ಬಗ್ಗೆ ಕಡತದಲ್ಲಿ ಬೇರೇನೂ ಇರುವುದಿಲ್ಲ.

ಗಡಿನಾಡಿನವರಿಗೆ ಕಡತದ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕಾಗದದಲ್ಲಿ ಇಲ್ಲದ್ದು ಕಚೇರಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎಂಬುದು ಅವರು ಕಂಡುಂಡ ಸತ್ಯ. ಟಬಾರ್ಡ್ ಕಾವ್ಯದಲ್ಲಿತ್ತು, ಕಡತದಲ್ಲಿರಲಿಲ್ಲ, ಉರುಳಿತು. ಜಾರ್ಜ್ ಮಾರದ ಒಡೆಯನ ಕೈ ಸೇರಿತು; ಒಂದು ಬದಿಯಾದರೂ ನಿಂತಿತು. ಕಾರ್ಲ್ಟನ್ ಟ್ಯಾವರ್ನ್‌ನ ವಿವರ ಮೊದಲೇ ದಾಖಲಾಗಿತ್ತು. ನೆಲಸಮವಾದರೂ ಮತ್ತೆ ಎದ್ದಿತು. ಐವಿ ಹೌಸ್‌ಗೆ ಕಡತವೂ ಇತ್ತು, ಕಿಸೆಯಿಂದ ಹಣ ತೆಗೆಯುವ 371 ಜನರೂ ಇದ್ದರು. ಇವುಗಳಲ್ಲಿ ಯಾವುದೂ ಬುಲ್ಡೋಜರ್ ಬಂದ ದಿನ ಸಿದ್ಧವಾಗುವಂಥದ್ದಲ್ಲ.